ಶರಾವತಿ ಹಿನ್ನೀರಿನಲ್ಲಿ ಒಂದು ವಾರ: ಟೆಂಟು, ಚಾರಣ, ಊಟ, ಜೊತೆಗೆ ಒಂದಿಷ್ಟು ಅಲೆದಾಟ

ಶರಾವತಿ ಹಿನ್ನೀರಿನ ದ್ವೀಪದಲ್ಲಿ ಟೆಂಟ್ ಹಾಕಿ ಮಲಗುವ ಆಸೆ ಇದ್ದರೆ ಮೊದಲು ಲಿಂಗನಮಕ್ಕಿಯಲ್ಲಿ ನೀರು ಎಷ್ಟಿದೆ ನೋಡಿ. ರಜೆ, ಬುಕಿಂಗ್, ಕಾರು ಎಲ್ಲ ಆಮೇಲೆ. ನಾವು ಶಿವಮೊಗ್ಗದವರು ಮಳೆಗಾಲ ಪೂರ್ತಿ ಪೇಪರ್ ಬಿಡಿಸಿದ ಕೂಡಲೇ ಜಲಾಶಯದ ಮಟ್ಟ ಓದುವ ಜನ. ತುಂಬಿದರೆ 1819 ಅಡಿ ಅಂತ ಮಕ್ಕಳಿಗೂ ಬಾಯಿಪಾಠ. ನಮ್ಮ ಪ್ರವಾಸದ ತಾರೀಕು ಗೊತ್ತಾದದ್ದೂ ಕಡೆಗೆ ಆ ಅಂಕಿಯಿಂದಲೇ.

ಶುರು ಮಾಡಿದ್ದು ಬೆಂಗಳೂರಿನ ನನ್ನ ತಮ್ಮ. ಅವರ ಮನೆಯಲ್ಲಿ ಅಂಡಮಾನ್ ಮಾತು ನಡೆದಿತ್ತು. ಎರಡು ಮನೆ ಸೇರಿದರೆ ಆರು ಜನ. ಬರೀ ವಿಮಾನದ ಲೆಕ್ಕ ನೋಡಿಯೇ ಅವನು ಸುಸ್ತಾಗಿದ್ದ. "ಅಕ್ಕಾ, ನಿಮ್ಮ ಕಡೆ ಹಿನ್ನೀರಿನಲ್ಲೇ ದ್ವೀಪ ಇದೆಯಂತಲ್ಲ. ಒಂದು ವಾರ ಟೆಂಟ್, ಒಂದಿಷ್ಟು ಬೆಟ್ಟ, ಒಳ್ಳೆ ಊಟ. ನೀನೇ ಪ್ಲಾನ್ ಮಾಡು" ಅಂದ. ನಾವಿಬ್ಬರು, ನಮ್ಮ ಮಗಳು, ಅವರಿಬ್ಬರು, ಅವರ ಮಗ. ಸಾಗರ ನಮಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು. ಎಷ್ಟು ಹೊತ್ತಿನ ಕೆಲಸ ಅಂತ ನಾನೂ ಹೂಂ ಅಂದೆ.

ತಮ್ಮ ಕೇಳಿದ್ದು ಏಪ್ರಿಲ್ ರಜೆಗೆ. ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಈ ದ್ವೀಪಗಳೆಲ್ಲ ಹಳೆ ಗುಡ್ಡಗಳ ನೆತ್ತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ ತಗ್ಗಿನ ಊರು, ಗದ್ದೆ, ತೋಟ ಮುಳುಗಿದವು, ಗುಡ್ಡದ ತಲೆ ಮಾತ್ರ ಉಳಿಯಿತು. ಬೇಸಿಗೆಯಲ್ಲಿ ವಿದ್ಯುತ್ತಿಗೆ ನೀರು ಬಿಟ್ಟೂ ಬಿಟ್ಟೂ ಮಟ್ಟ ಇಳಿಯುತ್ತದೆ. ಆಗ ಎಷ್ಟೋ ದ್ವೀಪಗಳು ದಡಕ್ಕೆ ಕೂಡಿಕೊಳ್ಳುತ್ತವೆ. ನೀರಿಗೆ ಹೋಗಬೇಕೆಂದರೆ ಬಿರುಕು ಬಿಟ್ಟ ಕೆಂಪು ಮಣ್ಣಿನ ಮೇಲೆ ಬಿಸಿಲಲ್ಲಿ ನಡೆಯಬೇಕು. ಹಳೆಯ ಮಡೆನೂರು ಕಟ್ಟೆ ನೋಡುವ ಆಸೆ ಇದ್ದವರಿಗೆ ಮಾತ್ರ ಅದು ಒಳ್ಳೆ ಕಾಲ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ ಆ ಕಟ್ಟೆ ನೀರು ತೀರಾ ಇಳಿದಾಗ ಮೇಲೆ ಕಾಣುತ್ತದೆ.

ಎರಡನೇ ಕಾರಣ ಮಂಗನ ಕಾಯಿಲೆ. ಇದನ್ನು ಬೆಂಗಳೂರಿನವರಿಗೆ ಅರ್ಥ ಮಾಡಿಸುವುದು ಕಷ್ಟ. 1957ರಲ್ಲಿ ಮೊದಲು ಕಂಡದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣ್ಣೆ ಕಚ್ಚಿದರೆ ಬರುವ ಜ್ವರ. ಸುಮಾರು ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಎಷ್ಟು ಜನ ಆಸ್ಪತ್ರೆ ಸೇರಿದರು ಅನ್ನುವುದು ಇಲ್ಲಿಯವರು ಯಾರೂ ಮರೆತಿಲ್ಲ. ಆ ತಿಂಗಳುಗಳಲ್ಲಿ ಎಳೆ ಮಕ್ಕಳನ್ನು ಕಟ್ಟಿಕೊಂಡು ಒಣ ಎಲೆ ಮೇಲೆ ಮಲಗುವುದು ಬೇಡವೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ಮಳೆ, ಗಾಳಿ, ಇಂಬಳ (ರಕ್ತ ಹೀರುವ ಜಿಗಣೆ). ಹಾಗಾಗಿ ಉಳಿದದ್ದು ದೀಪಾವಳಿ ಕಳೆದ ಮೇಲಿನ ಕೆಲವೇ ವಾರ. ಹಿನ್ನೀರು ತುಂಬಿರುತ್ತದೆ, ಅಬ್ಬಿಗಳಲ್ಲಿ, ಅಂದರೆ ಜಲಪಾತಗಳಲ್ಲಿ, ನೀರಿರುತ್ತದೆ, ಉಣ್ಣೆ ಇನ್ನೂ ಎದ್ದಿರುವುದಿಲ್ಲ. ತೊಂದರೆ ಒಂದೇ, ಶಾಲೆಗೆ ರಜೆ ಇರುವುದಿಲ್ಲ. ನನ್ನ ಮಗಳ ಟೀಚರ್ ನಕ್ಕು ಬಿಟ್ಟರು. ತಮ್ಮನ ಮಗನ ಶಾಲೆಯಲ್ಲಿ ಮಾತ್ರ ಪತ್ರ, ಮತ್ತೊಂದು ಪತ್ರ, ಆಮೇಲೆ ಅಪ್ಪ ಅಮ್ಮ ಇಬ್ಬರ ಸಹಿ.

ತಿಂಗಳು ನಿಕ್ಕಿ ಆದಮೇಲೆ ದ್ವೀಪ ಹುಡುಕಿದೆವು. ಇಲ್ಲಿಂದ ನಿಜವಾದ ತಲೆಬಿಸಿ.

ದೋಣಿಯವನನ್ನು ಕೇಳಿದರೆ ಬಿಟ್ಟು ಬರುತ್ತೇನೆ ಅನ್ನುತ್ತಾನೆ. ಆದರೆ ಅಲ್ಲಿ ರಾತ್ರಿ ಇರಲು ನಿಮಗೆ ಹಕ್ಕಿದೆಯಾ? ನೀರು ನಿಲ್ಲುವ ಜಾಗ ವಿದ್ಯುತ್ ನಿಗಮದ್ದು. ಸುತ್ತಲಿನ ಕಾಡು ಅರಣ್ಯ ಇಲಾಖೆಯದ್ದು. 2019ರಲ್ಲಿ ಅಭಯಾರಣ್ಯವನ್ನು ಸಿಂಗಳೀಕಕ್ಕೆಂದು ಹಿಗ್ಗಿಸಿದ ಮೇಲೆ ಗಡಿ ಎಲ್ಲಿ ಅನ್ನುವುದು ಊರವರಿಗೇ ಸರಿಯಾಗಿ ಹೇಳಲು ಬರುವುದಿಲ್ಲ. ದಡದ ತೋಟ, ಬ್ಯಾಣ (ಹುಲ್ಲು ಬೆಳೆಯುವ ಜಾಗ) ಖಾಸಗಿ. ಹೀಗಿರುವಾಗ ಸುಮ್ನೆ ಟೆಂಟ್ ಹೊತ್ತುಕೊಂಡು ಹೋದರೆ ರಾತ್ರಿ ಹತ್ತಕ್ಕೆ ಗಾರ್ಡ್ ಬಂದು ಎಬ್ಬಿಸಿದರೂ ಮಾತಾಡುವ ಹಾಗಿಲ್ಲ.

ಇದು ಗೊತ್ತಿದ್ದೇ ಕೆಲವರು ವ್ಯಾಪಾರ ಮಾಡುತ್ತಾರೆ. ಫೋನಿನಲ್ಲಿ ಸಿಕ್ಕ ಒಬ್ಬ ಏಜೆಂಟ್ "ಪ್ರೈವೇಟ್ ಐಲ್ಯಾಂಡ್ ಕ್ಯಾಂಪಿಂಗ್, ಮೂರು ರಾತ್ರಿ, ಬಾರ್ಬೆಕ್ಯೂ, ಮ್ಯೂಸಿಕ್" ಅಂತ ಚಂದದ ಫೋಟೋ ಕಳಿಸಿದ. ಅರ್ಧ ಹಣ ಇವತ್ತೇ ಬೇಕಂತೆ. ನಮ್ಮನೆಯವರು ಸಹಕಾರಿ ಸಂಘದಲ್ಲಿ ಲೆಕ್ಕ ನೋಡುವವರು, ಕಾಗದ ಇಲ್ಲದೆ ನಯಾಪೈಸೆ ಬಿಚ್ಚುವುದಿಲ್ಲ. "ಜಾಗದ ಅನುಮತಿ ಪತ್ರದ ಒಂದು ಪ್ರತಿ ಕಳಿಸಿ, ಲೈಫ್ ಜಾಕೆಟ್ ಎಷ್ಟಿದೆ ಹೇಳಿ" ಅಂದರು. ಆ ಕಡೆಯಿಂದ ಎರಡು ದಿನ ಸದ್ದಿಲ್ಲ. ಆಮೇಲೆ "ಸಾರ್, ಅದು ದ್ವೀಪದ ಥರಾನೇ ಇರುತ್ತೆ, ಮೂರು ಕಡೆ ನೀರು" ಅಂತ ಒಂದು ಧ್ವನಿ ಸಂದೇಶ. ಅಂದರೆ ಯಾರದೋ ತೋಟದ ತುದಿ. ತೋಟದ ತುದಿ ತಪ್ಪಲ್ಲ, ಆದರೆ ದ್ವೀಪದ ರೇಟು ಯಾಕೆ? ನೀವೂ ಈ ಎರಡು ಪ್ರಶ್ನೆ ಕೇಳಿ. ಉತ್ತರ ಬರುವ ತನಕ ಯುಪಿಐ ಮುಟ್ಟಬೇಡಿ.

ನಮಗೆ ಕಂಡ ನೇರ ದಾರಿಗಳು ಇವು. ಹೊನ್ನೇಮರಡುವಿನಲ್ಲಿ ಬಹಳ ವರ್ಷದಿಂದ ಜಲಸಾಹಸ ಕಲಿಸುವ ತಂಡ ಇದೆ. ಮುಂಚೆಯೇ ಮಾತಾಡಿಕೊಂಡು ಹೋದರೆ ಹರಿಗೋಲು, ಕಯಾಕ್ ಕಲಿಸಿ ದ್ವೀಪದಲ್ಲಿ ರಾತ್ರಿ ಉಳಿಸುತ್ತಾರೆ. ಕಾರ್ಗಲ್ ಆಚೆ ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದೆ. ಜೋಗದ ಹತ್ತಿರ ಜಂಗಲ್ ಲಾಡ್ಜಸ್‌ನವರ ಶರಾವತಿ ಅಡ್ವೆಂಚರ್ ಕ್ಯಾಂಪ್ ಇದೆ. ಇಲ್ಲವಾದರೆ ಸ್ವಂತ ಜಮೀನಿರುವ ಹೋಂಸ್ಟೇ ಹಿಡಿದು ಅವರ ದಡದಲ್ಲೇ ಟೆಂಟ್ ಹಾಕುವುದು. ಏಳೂ ದಿನ ದ್ವೀಪದಲ್ಲೇ ಅನ್ನುವುದು ಆಗದ ಮಾತು. ನಾವು ಹೀಗೆ ಹೊಂದಿಸಿದೆವು: ಮೊದಲು ಹೊನ್ನೇಮರಡು, ಅದರಲ್ಲಿ ಒಂದು ರಾತ್ರಿ ದ್ವೀಪ. ಆಮೇಲೆ ನೀರಾಚೆಯ ತುಮರಿ ಕಡೆ ಹೋಂಸ್ಟೇ. ಕೊನೆಗೆ ನಿಟ್ಟೂರಿಗೆ ಇಳಿದು ಕೊಡಚಾದ್ರಿ ಹತ್ತಿ, ನಗರ, ಹೊಸನಗರದ ಮೇಲೆ ಮನೆಗೆ. ನಕ್ಷೆ ಬಿಡಿಸಿಕೊಂಡು ನೋಡಿದರೆ ಹಿನ್ನೀರಿಗೆ ಒಂದು ಪ್ರದಕ್ಷಿಣೆ.

ಕಾನೂರು ಕೋಟೆಗೂ ಹೋಗಬೇಕು ಅಂತ ಮಗಳು ಹಟ ಹಿಡಿದಿದ್ದಳು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಪಾಠ ಓದಿದ್ದಳಲ್ಲ. ಆದರೆ ಅದು ಅಭಯಾರಣ್ಯದ ಒಳಗೆ. ಅನುಮತಿ, ದಾರಿ ತೋರಿಸುವವರು, ಸಣ್ಣ ಹುಡುಗ ಎಲ್ಲ ಯೋಚನೆ ಮಾಡಿ ಈ ಸಲ ಕೈಬಿಟ್ಟೆವು.

ಕೊಡಚಾದ್ರಿ ಚಾರಣಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಟಿಕೆಟ್ ತೆಗೆಯಬೇಕು. ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ನಾವು ವಾರದ ನಡುವೆ ತೆಗೆದೆವು, ಆರಾಮಾಗಿ ಸಿಕ್ಕಿತು. ಇಲ್ಲೊಂದು ಸಣ್ಣ ಗಂಟು. ತಮ್ಮನ ಮಗನ ಆಧಾರ್‌ನಲ್ಲಿ ಅಜ್ಜನ ಹೆಸರು ಸೇರಿಸಿ ಉದ್ದ ಹೆಸರಿದೆ, ಟಿಕೆಟ್‌ನಲ್ಲಿ ಶಾಲೆಯ ಹೆಸರು. ಅದಕ್ಕೆಂದು ಶಾಲೆಯ ಗುರುತಿನ ಚೀಟಿಯನ್ನೂ ಇಟ್ಟುಕೊಂಡೆವು. ಎಲ್ಲರ ಗುರುತಿನ ಚೀಟಿ, ಟಿಕೆಟ್, ಹೋಂಸ್ಟೇ ರಸೀದಿ ಎಲ್ಲದರ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಫೋನಿನಲ್ಲಿದೆ ಅಂದರೆ ನೆಟ್‌ವರ್ಕ್ ಇಲ್ಲದ ಕಡೆ ಅದು ಇದ್ದೂ ಇಲ್ಲದ ಹಾಗೆ.

ಟೆಂಟ್ ಎರಡು ಶಿವಮೊಗ್ಗದಲ್ಲೇ ಬಾಡಿಗೆಗೆ ಸಿಕ್ಕವು, ದಿನಕ್ಕೆ ತಲಾ 300 ರೂಪಾಯಿ, 4,000 ಠೇವಣಿ. ತಂದ ದಿನವೇ ಅಂಗಳದಲ್ಲಿ ಬಿಡಿಸಿ ನೋಡಿ. ಒಂದರ ಕಂಬ ಸೀಳಿತ್ತು, ಬದಲಾಯಿಸಿ ಕೊಟ್ಟರು. ಉಳಿದ ಸಾಮಾನು ಎಲ್ಲರಿಗೂ ಗೊತ್ತಿರುವುದೇ. ನಾನು ಒತ್ತಿ ಹೇಳುವುದು ಇಷ್ಟು: ಪ್ರತಿಯೊಬ್ಬರಿಗೂ ಬೇರೆ ಬೇರೆ ಟಾರ್ಚ್, ಮಳೆ ಇಲ್ಲ ಅಂತ ಯಾರು ಹೇಳಿದರೂ ಒಂದು ದೊಡ್ಡ ಟಾರ್ಪಾಲು, ಮತ್ತೆ ನೋಟು. ಪೆಟ್ರೋಲು, ಎಟಿಎಂ, ಔಷಧಿ ಎಲ್ಲ ಸಾಗರದಲ್ಲೇ ಮುಗಿಸಿಕೊಂಡು ಮುಂದೆ ಹೋಗಿ.

ಎಲ್ಲ ಕಟ್ಟಿ ಇಟ್ಟ ಸಂಜೆ ಹೊನ್ನೇಮರಡುವಿನಿಂದ ಫೋನ್. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಗಾಳಿ ಜೋರಿದೆ, ನೀರಿಗೆ ಯಾರನ್ನೂ ಇಳಿಸುವುದಿಲ್ಲ, ಎರಡು ಮೂರು ದಿನ ಬಿಟ್ಟು ಬನ್ನಿ ಅಂದರು. ತಮ್ಮ ಅಷ್ಟೊತ್ತಿಗೆ ತುಮಕೂರು ದಾಟಿದ್ದ. ಮನೆಯಲ್ಲಿ ಎಲ್ಲರ ಮುಖ ಸಪ್ಪೆ. ನನಗೋ ಒಳಗೊಳಗೇ ಸಮಾಧಾನ. ಗಾಳಿ ಇದ್ದರೂ ಬನ್ನಿ ನೋಡೋಣ ಅನ್ನುವವರಿಗಿಂತ ಬರಬೇಡಿ ಅನ್ನುವವರ ಜೊತೆ ಮಕ್ಕಳನ್ನು ಕಳಿಸುವುದು ವಾಸಿ, ಅಲ್ವಾ? ತುಮರಿಯ ಹೋಂಸ್ಟೇ ಅಕ್ಕನಿಗೆ ಫೋನ್ ಮಾಡಿ "ಮೊದಲೇ ಬರ್ಬಹುದಾ" ಅಂದೆ. "ಬನ್ನಿ ಮಾರಾಯ್ರೆ, ಮಳೆಗೆ ಇಲ್ಲಿ ಯಾರೂ ಇಲ್ಲ. ಊಟಕ್ಕೆ ಎಷ್ಟು ಜನ ಅಂತ ಹೇಳಿ ಸಾಕು" ಅಂದರು.

ಹೀಗೆ ಹಿಂದುಮುಂದು ಮಾಡಲು ಆದದ್ದು ಸೇತುವೆಯಿಂದ. 2025ರ ಜುಲೈ ತನಕ ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಲಾಂಚೇ ಗತಿ. ಹಬ್ಬದ ದಿನ ಸಿಗಂದೂರಿಗೆ ಹೋಗುವವರ ಕಾರಿನ ಸಾಲು ಗಂಟೆಗಟ್ಟಲೆ ನಿಲ್ಲುತ್ತಿತ್ತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಸುತ್ತು ಹಾಕಬೇಕು, ಇಲ್ಲ ಕಾರಲ್ಲೇ ಮಲಗಬೇಕು. ಆಚೆಯ ಊರಿನವರು ಬಾಣಂತಿಯನ್ನು, ಹಾವು ಕಚ್ಚಿದವರನ್ನು ಕರೆದುಕೊಂಡು ದಡದಲ್ಲಿ ಲಾಂಚಿಗೆ ಕಾದ ಕತೆಗಳು ಒಂದೆರಡಲ್ಲ. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಮೇಲೆ ಕೆಲವೇ ನಿಮಿಷದ ದಾರಿ. ಲಾಂಚಿನ ಕಟಕಟ ಸದ್ದು, ಅಲ್ಲಿನ ಮಂಡಕ್ಕಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ನನ್ನ ಹಾಗೆ ಆಚೆ ದಡದಲ್ಲಿ ಬದುಕದೇ ಇರುವವರು. ಸೇತುವೆ ನಡುವೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರು ಮಾತ್ರ ಜಾಸ್ತಿ ಆಗಿದ್ದಾರೆ. ಗಾಳಿಗೆ ಅಲ್ಲಿ ಬಾಗಿಲು ತೆಗೆಯುವುದೇ ಕಷ್ಟ.

ಹೋಂಸ್ಟೇ ಜಗಲಿ ಹತ್ತುತ್ತಿದ್ದ ಹಾಗೇ "ಆಸರಿಗೆ ಎಂತ ಕೊಡ್ಲಿ?" ಅಂತ ಕೇಳಿದರು. ತಮ್ಮನ ಹೆಂಡತಿ ಬಯಲುಸೀಮೆಯವಳು, ನನ್ನ ಮುಖ ನೋಡಿದಳು. ಕುಡಿಯಲು ಏನು ಬೇಕು ಅಂತ ಕೇಳಿದ್ದು ಅಂದೆ. ಬೆಲ್ಲದ ಜೊತೆ ನೀರು, ಆಮೇಲೆ ಬಿಸಿ ಬಿಸಿ ಕಷಾಯ ಬಂತು.

ಮೊದಲ ರಾತ್ರಿ ಟೆಂಟ್ ಇಲ್ಲ, ಹೊರಗೆ ಸುರಿಯುತ್ತಿತ್ತು. ಮಕ್ಕಳು ಅಡಿಕೆ ಅಟ್ಟದ ಕೆಳಗೆ ಚಾಪೆ ಹಾಕಿಕೊಂಡು ಅದನ್ನೇ ಕ್ಯಾಂಪಿಂಗ್ ಅಂದವು. ಮಾರನೇ ದಿನ ಮಳೆ ಬಿಟ್ಟು ಬಿಟ್ಟು ಬಂತು. ಆ ಹೊತ್ತೆಲ್ಲ ಅಡಿಗೆ ಮನೆಯಲ್ಲಿ ಕಳೆಯಿತು. ಈ ವಾರದಲ್ಲಿ ನನಗೆ ಮತ್ತೆ ಬೇಕು ಅನ್ನಿಸುವುದು ಆ ಹೊತ್ತೇ.

ಊಟದ ಬಗ್ಗೆ ಹೇಳಬೇಕು. ಈ ಕಡೆ ಹೋಂಸ್ಟೇಗಳಲ್ಲಿ ಮೆನು ಕಾರ್ಡ್ ಇರುವುದಿಲ್ಲ. ಹಿಂದಿನ ದಿನ ಸಂಜೆಯೇ ನಾಳೆಗೆ ಏನು ಅಂತ ಮಾತಾಗಬೇಕು, ಯಾಕೆಂದರೆ ಅಕ್ಕಿ ನೆನೆಸುವುದು ಆವಾಗಲೇ. "ಬೆಳಿಗ್ಗೆ ಎದ್ದು ಕಡುಬು ಬೇಕು ಅಂದ್ರೆ ಎಲ್ಲಿಂದ ತರೂದು?" ಅಂತ ಅಕ್ಕ ನಗುತ್ತಲೇ ಹೇಳಿದರು. ನಮಗೆ ಸಿಕ್ಕದ್ದು ಒಂದು ಹೊತ್ತು ಅಕ್ಕಿ ರೊಟ್ಟಿ, ಬದನೆ ಎಣ್ಣೆಗಾಯಿ. ಒಂದು ಹೊತ್ತು ಒಂದೆಲಗದ ತಂಬುಳಿ, ಸೌತೆಕಾಯಿ ಹಶಿ, ಹಲಸಿನ ಹಪ್ಪಳ. ಇನ್ನೊಂದು ಹೊತ್ತು ಪತ್ರೊಡೆ. ಮೀನು ಬೇಕಾದವರಿಗೆ ಪಕ್ಕದ ಮನೆಯಿಂದ ಹೊಳೆಮೀನಿನ ಸಾರು ತರಿಸಿಕೊಟ್ಟರು. ಇವರ ಮನೆಯೊಳಗೆ ಮಾಡುವುದಿಲ್ಲ, ಜಗಲಿ ಆಚೆ ತಿನ್ನಲು ಅಡ್ಡಿಯಿಲ್ಲ. ಇಂಥದ್ದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಿ, ಇಬ್ಬರಿಗೂ ಮುಜುಗರ ತಪ್ಪುತ್ತದೆ.

ದ್ವೀಪಕ್ಕೆ ಏನು ಕಟ್ಟಿಕೊಂಡು ಹೋಗುವುದು ಅನ್ನುವ ಯೋಚನೆಯನ್ನೂ ಅಕ್ಕನೇ ಬಿಡಿಸಿದರು. ನಾನು ಬ್ರೆಡ್, ನೂಡಲ್ಸ್ ಪೊಟ್ಟಣ ತಂದಿದ್ದೆ. "ಅದೆಂತಕ್ಕೆ? ಕೊಟ್ಟೆ ಕಡುಬು ಹೊತ್ಕೊಂಡು ಹೋಗಿ, ಎರಡು ದಿನ ಹಾಳಾಗುದಿಲ್ಲ" ಅಂದರು. ಹಲಸಿನ ಎಲೆ ನಾಲ್ಕು ತೆಗೆದು, ತೊಟ್ಟು ಹೊರಗೆ ಬರುವ ಹಾಗೆ ಕೂಡಿಸಿ, ತೆಂಗಿನ ಹಿಡಿಕಡ್ಡಿಯ ಚೂರು ಚುಚ್ಚಿ ಚುಚ್ಚಿ ಲೋಟದಂತೆ ಮಾಡುತ್ತಾರೆ. ಅವರ ಕೈಯಲ್ಲಿ ಒಂದು ಕೊಟ್ಟೆಗೆ ಅರ್ಧ ನಿಮಿಷ. ನನ್ನದು ನಾಲ್ಕನೆಯ ಕಡ್ಡಿಗೆ ಎಲೆ ಹರಿದು ಬಾಯಿ ಬಿಡುತ್ತಿತ್ತು. ಎಲೆ ತೀರಾ ಎಳೆಯದಾದರೆ ಹರಿಯುತ್ತದೆ, ಬಲಿತದ್ದಾದರೆ ಮಡಚುವಾಗ ಲಟ್ ಅನ್ನುತ್ತದೆ, ನಡುವಿನದೇ ಬೇಕು. ಹುಳಿ ಬಂದ ಹಿಟ್ಟು ಮುಕ್ಕಾಲು ಮಾತ್ರ ತುಂಬಿಸಿ, ಅಟ್ಟದ ಪಾತ್ರೆಯಲ್ಲಿ ನಿಲ್ಲಿಸಿ, ಹಬೆಯಲ್ಲಿ ಬೇಯಿಸಿದರು. ಮುಚ್ಚಳ ತೆಗೆದಾಗ ಹಸಿರು ಎಲೆ ಕಂದು ಬಣ್ಣಕ್ಕೆ ತಿರುಗಿತ್ತು, ಮನೆಯೆಲ್ಲ ಹಲಸಿನ ಎಲೆಯ ವಾಸನೆ. ಅದರ ಜೊತೆಗೆ ಒಣ ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ಒಂದು ಬಾಟಲಿ ಜೋನಿಬೆಲ್ಲ. ತಟ್ಟೆ ಬೇಡ, ಪಾತ್ರೆ ಬೇಡ, ಒಲೆ ಬೇಡ. ತಿಂದ ಮೇಲೆ ಉಳಿಯುವುದು ಎಲೆ ಮಾತ್ರ. ದ್ವೀಪದ ಊಟಕ್ಕೆ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ.

ಮಳೆ ನಿಂತ ಸಂಜೆ ಅವರ ಬ್ಯಾಣದ ತುದಿಯಲ್ಲಿ ಟೆಂಟ್ ಹಾಕಿದೆವು. ನೀರಿನ ಅಂಚಿಗೆ ಹಾಕಬೇಡಿ, ಮೇಲಿನ ಮಳೆಗೆ ಮಟ್ಟ ಏರುತ್ತದೆ ಅಂತ ಯಜಮಾನರು ಇಪ್ಪತ್ತು ಹೆಜ್ಜೆ ಮೇಲೆ ಜಾಗ ತೋರಿಸಿದರು. ಜಂಬಿಟ್ಟಿಗೆ ನೆಲ. ಗೂಟ ಎರಡು ಬೆರಳು ಇಳಿಯುವಷ್ಟರಲ್ಲಿ ಕಲ್ಲು. ಬಾಗಿಹೋದ ಗೂಟ ಬಿಟ್ಟು ಹಗ್ಗಕ್ಕೆ ಕಲ್ಲು ಕಟ್ಟಿ ನಿಲ್ಲಿಸಿದೆವು. ಹೆಚ್ಚು ಹಗ್ಗ ತರಲು ಮರೆಯಬೇಡಿ.

ಅಲ್ಲಿ ನಡೆದಾಡಲು ಬೆಟ್ಟವೇ ಬೇಕಂತಿಲ್ಲ. ಯಜಮಾನರ ಜೊತೆ ಬೆಳಿಗ್ಗೆ ಹೊರಟು ತೋಟ, ಕಾನು, ಹಿನ್ನೀರಿನ ಅಂಚು ಹಿಡಿದು ಮಧ್ಯಾಹ್ನ ಸಿಗಂದೂರು ಮುಟ್ಟಿದೆವು. ಚೌಡೇಶ್ವರಿ ದರ್ಶನ, ಅಲ್ಲೇ ಪ್ರಸಾದದ ಊಟ. ಇಂಬಳ ಮಾತ್ರ ಬಿಡಲಿಲ್ಲ. ಉಪ್ಪು, ಹೊಗೆಸೊಪ್ಪು, ಡೆಟಾಲ್ ಒಬ್ಬೊಬ್ಬರದು ಒಂದೊಂದು ವೈದ್ಯ. ನನಗೆ ನಾಟಿದ್ದು ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ, ಮೇಲೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡದ್ದು. ಕಚ್ಚಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿ, ತಾನೇ ಬೀಳುತ್ತದೆ. ತಮ್ಮನ ಮಗ ಕಿರುಚಿದ ಕಿರುಚಿಗೆ ಪಕ್ಕದ ತೋಟದವರು ಓಡಿ ಬಂದಿದ್ದರು.

ಗಾಳಿ ಇಳಿಯಿತು ಅಂತ ಹೊನ್ನೇಮರಡುವಿನಿಂದ ಹೇಳಿ ಕಳಿಸಿದ ಮೇಲೆ ಸೇತುವೆ ದಾಟಿ, ಸಾಗರದ ಕಡೆ ಬಂದು, ಜೋಗದ ದಾರಿಯಿಂದ ಒಳಗೆ ತಿರುಗಿದೆವು. ಅಲ್ಲಿ ಮೊದಲ ದಿನ ಬರೀ ಪಾಠ. ಲೈಫ್ ಜಾಕೆಟ್ ಕಟ್ಟುವುದು, ನೀರಲ್ಲಿ ಬಿದ್ದರೆ ಹೇಗೆ ತೇಲುವುದು, ಹುಟ್ಟು ಹಾಕುವುದು. ಈಜು ಬರುತ್ತದೆ ಅಂತ ಜಂಬ ಮಾಡುತ್ತಿದ್ದ ತಮ್ಮನಿಗೂ ಜಾಕೆಟ್ ಬಿಚ್ಚಲು ಬಿಡಲಿಲ್ಲ. ಯಾಕೆ ಅಂತ ಕಯಾಕ್‌ನಲ್ಲಿ ಕೂತ ಮೇಲೆ ತಿಳಿಯಿತು. ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆ ಇನ್ನೂ ಹಾಗೇ ನಿಂತಿವೆ. ಕೆಲವು ನೀರಿನ ಮೇಲೆ ಕಪ್ಪಗೆ ಕಾಣುತ್ತವೆ, ಅವಕ್ಕೆ ಹೆದರಬೇಕಿಲ್ಲ. ಒಂದು ಗೇಣು ಕೆಳಗೆ ಇರುವವು ಕಾಣುವುದಿಲ್ಲ. ನನ್ನ ಕಯಾಕ್ ಒಂದರ ಮೇಲೆ ಹತ್ತಿ ಸಿಕ್ಕಿಕೊಂಡು ಬುಗುರಿ ತಿರುಗಿತು. ಜೊತೆಗಿದ್ದ ಹುಡುಗಿ "ಅಲ್ಲಾಡ್ಬೇಡಿ ಅಕ್ಕ, ಸುಮ್ನೆ ಕೂತ್ಕೊಳ್ಳಿ" ಅಂತ ಹೇಳಿ ಬಂದು ಹಿಂದಕ್ಕೆ ಎಳೆದಳು. ಸ್ವಂತ ಗಾಳಿ ದೋಣಿ ತಂದು ಇಳಿಯುವ ಯೋಚನೆ ಇರುವವರು ಈ ಬೊಡ್ಡೆಗಳನ್ನು ನೆನಪಿಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆಯೂ ಏಳುತ್ತದೆ, ಅದಕ್ಕೇ ದ್ವೀಪಕ್ಕೆ ಹೊರಡುವುದು ಬೇಗ.

ದ್ವೀಪ ಅಂದರೆ ತೆಂಗಿನಮರ, ಬಿಳಿ ಮರಳು ಅಂದುಕೊಂಡಿದ್ದ ಮಕ್ಕಳಿಗೆ ಮೊದಲು ಸ್ವಲ್ಪ ನಿರಾಸೆ. ಒಂದು ಗುಡ್ಡದ ನೆತ್ತಿ, ಕುರುಚಲು ಮರ, ಅಂಚಿನಲ್ಲಿ ಕೆಂಪು ಕಲ್ಲು. ಅಂಗಡಿ ಇಲ್ಲ, ಲೈಟ್ ಇಲ್ಲ, ಪಾಯಿಖಾನೆ ಇಲ್ಲ. ಹೆಂಗಸರಿಗೆ ಇದು ಮೊದಲೇ ಗೊತ್ತಿರಲಿ. ನೀರಿನಿಂದ ದೂರ ಹೋಗಿ, ಕೊಟ್ಟಿರುವ ಸಣ್ಣ ಗುದ್ದಲಿಯಲ್ಲಿ ಗುಂಡಿ ತೋಡಿ ಮುಚ್ಚಬೇಕು. ಪ್ಯಾಡ್, ಒದ್ದೆ ಕಾಗದ ಎಲ್ಲ ಕವರಿನಲ್ಲಿ ಕಟ್ಟಿ ವಾಪಸ್ ತರಬೇಕು. ತಮ್ಮನ ಹೆಂಡತಿ ಇದಕ್ಕೇ ಬರುವುದಿಲ್ಲ ಅಂತ ಕೂತಿದ್ದಳು. ನಾನು, ಅವಳು ಟಾರ್ಪಾಲಿನ ಒಂದು ಮರೆ ಕಟ್ಟಿಕೊಂಡ ಮೇಲೆ ಸರಿಹೋಯಿತು. ಕುಡಿಯುವ ನೀರನ್ನೂ ಹೊತ್ತುಕೊಂಡೇ ಹೋಗಬೇಕು. ಆರು ಜನಕ್ಕೆ ಎರಡು ದೊಡ್ಡ ಕ್ಯಾನ್ ಸಾಲಲಿಲ್ಲ, ಬೆಳಿಗ್ಗೆ ಮುಖ ತೊಳೆಯಲು ಹಿನ್ನೀರೇ ಗತಿ.

ಕೊಟ್ಟೆ ಕಡುಬು ನಮ್ಮ ಆರು ಜನಕ್ಕೆ ಅಂತ ಕಟ್ಟಿದ್ದು. ತಂಡದ ಹುಡುಗರೂ ಕೈ ಹಾಕಿದ ಮೇಲೆ ಬೆಳಗಿನ ತಿಂಡಿಗೆ ನನ್ನ ನೂಡಲ್ಸೇ ಗತಿಯಾಯಿತು. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಅಂತ ಹೇಳಿಬಿಡುತ್ತೇನೆ. ನೆಲ ಗಟ್ಟಿ, ಇಬ್ಬನಿಗೆ ಟೆಂಟ್ ಒಳಗೆಲ್ಲ ಒದ್ದೆ, ಎಲ್ಲೋ ಮೀನಿನವರ ತೆಪ್ಪದ ಸದ್ದು. ಮಕ್ಕಳು ಮಾತ್ರ ಬೆಳಗಿನ ತನಕ ಹೊರಳಲಿಲ್ಲ.

ಕೊಡಚಾದ್ರಿ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ಚುಟುಕಾಗಿ ಹೇಳುತ್ತೇನೆ. ಮತ್ತೆ ಸೇತುವೆ ದಾಟಿ ನಿಟ್ಟೂರು ಹತ್ತಿರ ಒಂದು ಮನೆಯಲ್ಲಿ ಉಳಿದೆವು. ಬೆಳಗ್ಗೆ ಹಿಡ್ಲುಮನೆ ಅಬ್ಬಿ ಪಕ್ಕದ ದಾರಿಯಲ್ಲಿ ಹತ್ತಿ, ಜೀಪಿನಲ್ಲಿ ಇಳಿದೆವು. ಮಕ್ಕಳಿದ್ದರೆ ಹೀಗೇ ಮಾಡಿ. ಅಬ್ಬಿಯ ಬಂಡೆ ಹತ್ತಲು ಪರವಾಗಿಲ್ಲ, ಇಳಿಯಲು ಹೋದರೆ ಜಾರುತ್ತದೆ. ತಪಾಸಣೆಯಲ್ಲಿ ಹುಡುಗನ ಹೆಸರು ನೋಡಿ ತಡೆದರು, ಶಾಲೆಯ ಚೀಟಿ ತೋರಿಸಿದ ಮೇಲೆ ಬಿಟ್ಟರು. ಪ್ಲಾಸ್ಟಿಕ್ ಬಾಟಲಿ ಎಣಿಸಿ ಬರೆದುಕೊಂಡರು. ಎತ್ತರ 1343 ಮೀಟರು. ಸರ್ವಜ್ಞ ಪೀಠದ ಕಲ್ಲು ಮಂಟಪದ ಹತ್ತಿರ ನಿಂತರೆ ಮೋಡ ಸರಿದಾಗ ಘಟ್ಟದ ಕೆಳಗಿನ ಊರು ಕಾಣುತ್ತದೆ. ನಾವು ನಿಂತಷ್ಟು ಹೊತ್ತೂ ಮೋಡ ಎರಡು ಸಲ ಮಾತ್ರ ಸರಿಯಿತು. ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ, ಆ ಆಸೆ ಇಟ್ಟುಕೊಂಡು ಸಾಮಾನು ಹೊರಬೇಡಿ. ಜೀಪಿನ ಬಾಡಿಗೆ ಹತ್ತುವ ಮೊದಲೇ ಮಾತಾಡಿ. ತಲೆ ಲೆಕ್ಕ ಬೇರೆ, ಪೂರ್ತಿ ಜೀಪ್ ಲೆಕ್ಕ ಬೇರೆ. ಸೊಂಟ ನೋವು ಇರುವವರಿಗೆ ಆ ದಾರಿಯ ಜೀಪ್ ಬೇಡ, ನಡೆದೇ ಹೋಗುವುದು ಮೇಲು.

ಖರ್ಚು ಕೇಳುವವರಿಗೆ: ಹೋಂಸ್ಟೇಗಳಲ್ಲಿ ಊಟ ಸೇರಿ ದೊಡ್ಡವರಿಗೆ ದಿನಕ್ಕೆ 1,500 ರೂಪಾಯಿ, ಮಕ್ಕಳಿಗೆ ಅರ್ಧ. ಹೊನ್ನೇಮರಡು, ಜೀಪು, ಚಾರಣದ ಟಿಕೆಟ್, ಟೆಂಟ್ ಬಾಡಿಗೆ, ಡೀಸೆಲ್ ಎಲ್ಲ ಸೇರಿ ಆರು ಜನಕ್ಕೆ 55 ಸಾವಿರದ ಆಸುಪಾಸು. ಜೋನಿಬೆಲ್ಲ, ಹಪ್ಪಳ, ಮಿಡಿ ಉಪ್ಪಿನಕಾಯಿ ಅಂತ ಹೆಂಗಸರು ಕೊಂಡದ್ದು ಇದರಲ್ಲಿ ಸೇರಿಲ್ಲ, ನಮ್ಮನೆಯವರು ಅದಕ್ಕೆ ಬೇರೆ ಪುಟ ಮಾಡಿದ್ದಾರೆ.

ಮನೆಗೆ ಬಂದ ಕೂಡಲೇ ಬಟ್ಟೆಯೆಲ್ಲ ಬಿಸಿನೀರಿಗೆ ಹಾಕಿ. ಕಿವಿ ಹಿಂದೆ, ಕಂಕುಳು, ಮೊಣಕಾಲ ಸಂದಿನಲ್ಲಿ ಉಣ್ಣೆ ಇದೆಯಾ ನೋಡಿಕೊಳ್ಳಿ. ಮಂಗನ ಕಾಯಿಲೆಯ ಕಾಲ ಅಲ್ಲದಿದ್ದರೂ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಅಂತ ಮೊದಲು ಹೇಳಿ. ಬೆಂಗಳೂರಿನ ಡಾಕ್ಟರಿಗೆ ಸಾಗರ ತಾಲೂಕು ಅಂತ ಊರಿನ ಹೆಸರನ್ನೂ ಹೇಳಬೇಕು, ತಮ್ಮನಿಗೆ ಇದನ್ನು ಬರೆದುಕೊಟ್ಟಿದ್ದೇನೆ. ಟೆಂಟನ್ನು ಎರಡು ದಿನ ಬಿಸಿಲಿಗೆ ಹಾಕಿ, ಮಣ್ಣು ಒರೆಸಿ, ಆಮೇಲೆ ಬಾಡಿಗೆಯವರಿಗೆ ಕೊಡಿ. ಒದ್ದೆ ಟೆಂಟ್ ಮಡಚಿ ಕೊಟ್ಟರೆ ಬೂಷ್ಟು ಹಿಡಿಯುತ್ತದೆ ಅಂತ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮದರಲ್ಲಿ ಬಾಗಿದ ಗೂಟಗಳಿಗೆ 200 ರೂಪಾಯಿ ಹಿಡಿದರು. ಜಂಬಿಟ್ಟಿಗೆ ನೆಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.